ಸೀಮೆಸುಣ್ಣ ಬರೆಯದ ಸಾಲು

ಸೀಮೆಸುಣ್ಣ ಸುಳ್ಳು ಬರೆಯುವುದಿಲ್ಲ ಎಂಬುದು ಈಗ ಅಂಗನವಾಡಿ ಮಕ್ಕಳಿಗೂ ಗೊತ್ತು. ಎರಡೂ ಎರಡೂ ಐದು ಎಂದು ಎಷ್ಟು ತಿಕ್ಕಿದರೂ ಹಲಗೆ ಕಪ್ಪಾಗಿಯೇ ಉಳಿಯುತ್ತದೆ. ಹಾಗಾಗಿ ನಮ್ಮ ಗಣಿತ ವಿಭಾಗದಲ್ಲಿ ಎಂ.ಎಸ್ಸಿ. ಪ್ರಬಂಧದ ಮೌಖಿಕ ಪರೀಕ್ಷೆ ಅರ್ಧ ಗಂಟೆಯ ಕೆಲಸ. ಕಟ್ಟುಪಾಡು ಒಂದೇ: ಪ್ರಬಂಧದ ಕೊನೆಯ ಸಾಲನ್ನು ಮೊದಲೇ ಹಲಗೆಯ ಮೇಲೆ ಬರೆದು ನೋಡುವಂತಿಲ್ಲ, ಪರೀಕ್ಷಕರ ಎದುರಿಗೇ ಬರೆಯಬೇಕು.

ನನ್ನ ವಿದ್ಯಾರ್ಥಿನಿ ದಾಕ್ಷಾಯಣಿ ಎರಡು ಹಲಗೆ ತುಂಬಿಸಿ ಕೊನೆಯ ಸಾಲಿಗೆ ಬಂದಳು. ಸುಣ್ಣ ಸವೆಯಿತು, ಅಕ್ಷರ ಮೂಡಲಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕ ಮಠಪತಿಯವರು ಪೆನ್ನಿನ ಮುಚ್ಚಳ ಹಾಕಿದರು. "ಎರಡು ವರ್ಷ ದಂಡ ಆತು ನೋಡವಾ. ಕುಂದ್ರು."

ನಾನು ತಲೆ ತಗ್ಗಿಸಿದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ, ಸಾಲು ಮೂಡದಿದ್ದರೆ ಸುಮ್ಮನೆ ಮನೆಗೆ ಹೋಗುವುದಷ್ಟೇ ಗೊತ್ತಿತ್ತು.

"ಸರ್, ಇದು ಸುಳ್ಳಿದ್ರ ಇದರ ಉಲ್ಟಾ ಖರೇ ಇರಬೇಕಲ್ರೀ," ಎಂದಳು ಅವಳು. "ಅದನ್ನೂ ಬರದು ನೋಡ್ತೀನ್ರಿ."

ಬರೆದಳು. ಅದೂ ಮೂಡಲಿಲ್ಲ.

ಮಠಪತಿಯವರು ಎದ್ದು ಬಂದು, ಹೊಸ ಸುಣ್ಣ ತೆಗೆದುಕೊಂಡು ಎರಡನ್ನೂ ತಾವೇ ಬರೆದು ನೋಡಿದರು. ಹಲಗೆ ಕಪ್ಪಾಗಿಯೇ ಇತ್ತು.

ದಾಕ್ಷಾಯಣಿ ಬೆರಳ ತುದಿಯಲ್ಲಿ ಉಳಿದಿದ್ದ ಚೂರಿನಿಂದ ಕೆಳಗೆ ಬರೆದಳು: 'ಇದು ಖರೆಯೋ ಸುಳ್ಳೋ ಸೀಮೆಸುಣ್ಣಕ್ಕೂ ಗೊತ್ತಿಲ್ಲ.'

ಒಂದೊಂದು ಅಕ್ಷರವೂ ಬೆಳ್ಳಗೆ ಮೂಡಿತು.

ಮಠಪತಿಯವರು ತಮ್ಮ ಕುರ್ಚಿಗೆ ಮರಳಲಿಲ್ಲ. ವಿದ್ಯಾರ್ಥಿಗಳ ಮೊದಲ ಬೆಂಚಿನಲ್ಲಿ ಕುಳಿತು, ಪೆನ್ನಿನ ಮುಚ್ಚಳ ತೆಗೆದರು.

"ಮೊದಲಿಂದ ಹೇಳ್ರಿ," ಎಂದರು. "ಬರಕೊಳ್ತೀನಿ."