ಹಿರುತ್ ಇವತ್ತು ಮಾತಾಡಬಾರದು

ಗಿರ್ಮಾ ಫೋನನ್ನು ಕಿತ್ತುಕೊಳ್ಳಲಿಲ್ಲ. ನಯವಾಗಿ ಕೇಳಿ ಇಸಿದುಕೊಂಡ. ಮಂಜರಿಗೆ ಮೈ ಉರಿದದ್ದು ಆ ನಯಕ್ಕೇ.

"ಲೈವ್ ಮಾಡೋಕೆ ಬೇಕು, ಆಮೇಲೆ ಕೊಡ್ತೀನಿ," ಎನ್ನುತ್ತ ಹಿರುತ್‌ಳ ಫೋನನ್ನು ಕೋಟಿನ ಜೇಬಿಗಿಳಿಸಿದ. "ಇನ್ನೊಂದು ಮಾತು. ಇವತ್ತು ನೀನು ಡೆಟ್ರಾಯಿಟ್‌ಗೆ ಬರೋದು ಬೇಡ. ನಿನ್ನ ಬದಲು ನಾನೇ ಮಾತಾಡ್ತೀನಿ. ನಾಳೆ ಬೆಳಿಗ್ಗೆ ನಾವೆಲ್ಲ ನಿನ್ನ ಮನೆಗೇ ಬರ್ತೀವಿ."

ಹಿರುತ್ ಇಥಿಯೋಪಿಯಾದವಳು, ನರ್ಸ್. ಗ್ಲೆಂಡೇಲ್ ಹೈಟ್ಸ್‌ನ ಅವಳ ಮನೆಯ ಬೇಸ್‌ಮೆಂಟ್ ತುಂಬ ಬ್ಯಾಂಡೇಜು, ಔಷಧಿಯ ಪೆಟ್ಟಿಗೆಗಳು. ಅವಳ ದೇಶದಲ್ಲಿ ಅಂತರ್ಯುದ್ಧ. ಎರಡೂ ಕಡೆಯ ಆಸ್ಪತ್ರೆಗಳಿಗೆ ಔಷಧಿ ಕಳಿಸುತ್ತಿದ್ದಳು. ಮೈಕು ಸಿಕ್ಕರೆ ಎರಡೂ ಕಡೆಯವರನ್ನು ಬೈಯುತ್ತಿದ್ದಳು. ವೈರಿಗಳ ಗಾಯಕ್ಕೆ ಹೊಲಿಗೆ ಹಾಕಿದನೆಂದು ಅವಳ ತಮ್ಮ ಡಾಕ್ಟರ್ ತೆಸ್ಫಾಯೆಯನ್ನು ಜೈಲಿಗೆ ತಳ್ಳಿದ್ದರು. ಇವತ್ತಿನ ಸಭೆ ನಡೆಯುತ್ತಿದ್ದದ್ದೇ ಅವನ ಬಿಡುಗಡೆಗೆ. ಅಲ್ಲಿ ಅಕ್ಕನೇ ಮಾತಾಡಬಾರದಂತೆ!

ಮಂಜರಿಗೆ ಕಾರಣ ಗೊತ್ತಿತ್ತು. "ನಮ್ಮ ಕಡೆಯವರನ್ನೂ ಬೈದರೆ ಮೈಕ್ ಆಫ್ ಮಾಡಿಸ್ತೀನಿ," ಎಂದು ಬಿಡುಗಡೆ ಸಮಿತಿಯ ಅಧ್ಯಕ್ಷ ಗಿರ್ಮಾ ಹೋದ ವಾರವಷ್ಟೇ ಹಿರುತ್‌ಳ ಮನೆಯ ಇದೇ ಹಜಾರದಲ್ಲಿ ಕಿರುಚಿದ್ದ. ಪೆಟ್ಟಿಗೆ ಕಟ್ಟಲು ಬಂದಿದ್ದ ಮಂಜರಿ ಮೂಲೆಯಲ್ಲಿ ಟೇಪು ಹಿಡಿದು ನಿಂತಿದ್ದಳು. ಬಾಯಿ ತೆರೆದಿರಲಿಲ್ಲ. ಫೋನಿನಲ್ಲಿ ಪಿಜ್ಜಾ ಹೇಳಬೇಕಾದರೂ ಮನಸ್ಸಿನಲ್ಲಿ ಮೊದಲು ಉರುಹೊಡೆಯುವ ಹುಡುಗಿ ಅವಳು. ಆದರೆ ಪಕ್ಕದೂರು ನೇಪರ್‌ವಿಲ್‌ನಲ್ಲಿ, ಅಮ್ಮ ಆಫೀಸಿನಿಂದ ಬರುವ ತನಕ ಅವಳನ್ನು ನೋಡಿಕೊಂಡು ಬೆಳೆಸಿದ್ದು ಈ ಹಿರುತ್ ಆಂಟಿಯೇ.

ಗಿರ್ಮಾ ಡೆಟ್ರಾಯಿಟ್‌ಗೆ ಹೊರಟ. ಹೋಗುವಾಗ ಇಬ್ಬರು ಹೆಂಗಸರನ್ನು ಕಾವಲಿಗೆ ಕೂರಿಸಿದ. ಅವರು ಡಬ್ಬಿಗಳ ತುಂಬ ಅಡುಗೆ ತಂದಿದ್ದರು. "ತಿನ್ನು, ಸ್ವಲ್ಪ ತಿನ್ನು," ಎಂದು ಒಂದೇ ವರಾತ. ಹಿರುತ್ ಟಿವಿ ಹಾಕಲು ಹೋದರೆ ಒಬ್ಬಳು ರಿಮೋಟ್ ಎತ್ತಿಟ್ಟಳು. ಇನ್ನೊಬ್ಬಳು ಮುಖ ಕೊಟ್ಟು ಮಾತೇ ಆಡಲಿಲ್ಲ. ಹಿರುತ್ ತಟ್ಟೆಯನ್ನು ಆಚೆ ನೂಕಿದಳು.

"ಆಂಟಿ, ಗ್ಯಾರೇಜಲ್ಲಿ ಒಂದು ಬಾಕ್ಸ್ ಒಡೆದಿದೆ. ಬನ್ನಿ," ಎಂದಳು ಮಂಜರಿ.

ಯಾವ ಬಾಕ್ಸೂ ಒಡೆದಿರಲಿಲ್ಲ. ಗ್ಯಾರೇಜಿನ ಬಾಗಿಲಾಚೆ ಮಂಜರಿಯ ಕಾರು ನಿಂತಿತ್ತು.

"ಹತ್ತಿ."

"ಕದ್ದು ಓಡಿಹೋಗೋಕೆ ನನಗೇನು ಹದಿನಾರು ವರ್ಷವಾ?"

"ಹತ್ತಿ ಅಂದೆ!"

ಹಿರುತ್ ಬೆರಗಾಗಿ ಅವಳನ್ನು ನೋಡಿದಳು. ಆಮೇಲೆ ನಕ್ಕು ಹತ್ತಿದಳು.

ದಾರಿಯುದ್ದಕ್ಕೂ ಹಿರುತ್ ಕುದಿಯುತ್ತಲೇ ಇದ್ದಳು. "ನನ್ನ ತಮ್ಮನ ಹೆಸರು ಹೇಳೋಕೆ ಇವರ ಅಪ್ಪಣೆ ಬೇಕಾ? ಹೆಂಗಸರು ಪೆಟ್ಟಿಗೆ ಕಟ್ಟಬೇಕು, ಗಂಡಸರು ಮೈಕು ಹಿಡೀಬೇಕು!" ನಡುವೆ ಮಂಜರಿಯ ಅಮ್ಮ ಕೌಸಲ್ಯಾ ಫೋನು ಮಾಡಿದರು. "ಅಲ್ವೇ, ಅವರ ಜನದ ಜಗಳ ಅವರು ನೋಡ್ಕೋತಾರೆ. ನಿಂಗ್ಯಾಕೇ ಊರ ಉಸಾಬರಿ?"

"ಅಮ್ಮಾ, ಐ ಆಮ್ ಡ್ರೈವಿಂಗ್."

ಮಿಷಿಗನ್ ಗಡಿ ದಾಟಿ ಗ್ಯಾಸ್ ಹಾಕಿಸಲು ನಿಂತಾಗ, ಹಿರುತ್ ಕಾಫಿ ತರಲು ಒಳಗೆ ಹೋಗಿದ್ದಳು. ಗಿರ್ಮಾನ ಫೋನು ಬಂತು.

"ಎಲ್ಲಿದೀರಿ? ಅವಳು ಏನಾದ್ರೂ ತಿಂದಳಾ?"

"ಅವರೇನು ಮಗುನಾ ಅಂಕಲ್?"

"ಮಂಜರಿ, ಕೇಳು. ಒಂದು ವಿಷಯ ಇದೆ. ಫೋನಲ್ಲಿ ಹೇಳೋವಂಥದ್ದಲ್ಲ. ದಯವಿಟ್ಟು ವಾಪಸ್ ಕರ್ಕೊಂಡು ಹೋಗು."

"ಫೋನಲ್ಲಿ ಹೇಳಕ್ಕಾಗ್ದೇ ಇರೋದನ್ನ ಮೈಕಲ್ಲಿ ಕೇಳಿಸ್ಕೊಳ್ಳಿ."

ಫೋನು ಕಟ್ ಮಾಡಿ ಅವನ ನಂಬರನ್ನು ಬ್ಲಾಕ್ ಮಾಡಿದಳು. ಉರುಹೊಡೆಯದೇ ಆಡಿದ ಮೊದಲ ಮಾತದು.

ಡೆಟ್ರಾಯಿಟ್‌ನ ಚೌಕದಲ್ಲಿ ನದಿಯ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಹಿರುತ್ ಕಾಲಿಟ್ಟದ್ದೇ ತಡ, ಗುಜುಗುಜು ನಿಂತಿತು. ಜನ ತಾವಾಗಿ ಸರಿದು ದಾರಿ ಬಿಟ್ಟರು. ಹೆಂಗಸರು ಬಿಳಿ ಶಾಲನ್ನು ಮುಖಕ್ಕೆಳೆದುಕೊಂಡರು. ಹೇಡಿಗಳು, ಕಣ್ಣಿಗೆ ಕಣ್ಣು ಕೊಟ್ಟು ನೋಡಲೂ ಆಗದವರು ಎಂದು ಮಂಜರಿ ಹಲ್ಲು ಕಚ್ಚಿದಳು. ನೇರ ವೇದಿಕೆ ಹತ್ತಿ ಗಿರ್ಮಾನ ಎದುರು ಕೈ ಚಾಚಿದಳು.

"ಕೊಡಿ."

ಗಿರ್ಮಾ ಅವಳನ್ನು ನೋಡಿದ, ಅವಳ ಹಿಂದಿದ್ದ ಹಿರುತ್‌ಳನ್ನು ನೋಡಿದ. ಏನೋ ಹೇಳಲು ಹೋದವನು ಆ ಜನರತ್ತ ನೋಡಿ ಬಾಯಿ ಮುಚ್ಚಿದ. ಮೈಕು ಕೊಟ್ಟು ಕೆಳಗಿಳಿದ. ಸೋತ, ಅಂದುಕೊಂಡಳು ಮಂಜರಿ.

ಹಿರುತ್ ಬೆಂಕಿಯಾದಳು. ಆ ಕಡೆಯವರನ್ನು ಬೈದಳು, ಈ ಕಡೆಯವರನ್ನೂ ಬೈದಳು. "ಗಾಯ ಹೊಲಿಯುವಾಗ ನನ್ನ ತಮ್ಮ ನೀನು ಯಾರ ಕಡೆಯವನು ಅಂತ ಕೇಳಲಿಲ್ಲ. ಅದೇ ಅವನ ಅಪರಾಧ! ಹೇಳಿ ನನ್ನ ಜೊತೆ, ತೆಸ್ಫಾಯೆಯನ್ನು..."

ಯಾರೂ ಬಾಯಿ ಬಿಡಲಿಲ್ಲ.

"ನಿಮ್ಮ ನಾಲಿಗೆ ಬಿದ್ದುಹೋಯಿತಾ? ತೆಸ್ಫಾಯೆಯನ್ನು..."

"ಬಿಡಿ!" ಮುಂದೆ ನಿಂತಿದ್ದ ಮುದುಕನೊಬ್ಬನ ದನಿ ಒಡೆಯಿತು. ಮರುಕ್ಷಣ ಇಡೀ ಚೌಕ ಅಬ್ಬರಿಸಿತು. ಗಂಡಸರು ಅಳುತ್ತ ಕೂಗುತ್ತಿದ್ದರು.

ಮಂಜರಿ ಮೆಟ್ಟಿಲಿಳಿದು ಗಿರ್ಮಾನ ಎದುರು ನಿಂತಳು. "ಈಗೇನಂತೀರಿ ಅಂಕಲ್? ಒಬ್ಬರಾದ್ರೂ ಮೈಕ್ ಆಫ್ ಮಾಡಿ ಅಂದ್ರಾ?"

ಗಿರ್ಮಾನ ಗಡ್ಡ ಒದ್ದೆಯಾಗಿತ್ತು. "ಅಂಥ ಸುದ್ದೀನ ನಮ್ಮಲ್ಲಿ ಫೋನಲ್ಲಿ ಹೇಳಲ್ಲ ಮಗೂ, ದಾರೀಲೂ ಹೇಳಲ್ಲ. ಹೊಟ್ಟೆಗೆ ಒಂದಿಷ್ಟು ಹಾಕಿಸಿ, ಒಂದು ರಾತ್ರಿ ನಿದ್ದೆ ಮಾಡೋಕೆ ಬಿಟ್ಟು, ಬೆಳಕು ಹರಿಯೋ ಹೊತ್ತಿಗೆ ಮನೆ ತುಂಬ ಜನ ಸೇರಿ, ಸುತ್ತ ಕೂತು ಹೇಳ್ತೀವಿ."

ಮೇಲೆ ಹಿರುತ್ ಮತ್ತೆ ಮುಷ್ಟಿ ಎತ್ತಿದಳು. ಜನ ಮತ್ತೆ "ಬಿಡಿ!" ಎಂದು ಕೂಗಿದರು.

"ತೆಸ್ಫಾಯೆನ ಮೊನ್ನೆ ಜೈಲಲ್ಲೇ ಕೊಂದರು," ಎಂದ ಗಿರ್ಮಾ. "ಈ ಚೌಕದಲ್ಲಿ ಅದು ಗೊತ್ತಿಲ್ಲದೆ ಇದ್ದವರು ನೀವಿಬ್ಬರೇ."