ದೀಪ ಆರಿಸದವನು

"ನಮ್ಮಪ್ಪನ ಹೆಸರ ನಿಮ್ಮ ಪುಸ್ತಕದಲ್ಲಿ ಹಾಕಬ್ಯಾಡಿ ಮೇಷ್ಟ್ರೇ," ಎಂದರು ಪುಟ್ಟಮಾದಮ್ಮ.

ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರು ಯುದ್ಧಕಾಲದಲ್ಲಿ ದೇಶದ ಗಡಿಯಲ್ಲಿದ್ದ ವಿಮಾನ ನಿಲ್ದಾಣವೊಂದರ ಚರಿತ್ರೆ ಬರೆಯುತ್ತಿದ್ದರು. ಹಳೆಯ ಫೋಟೋ ಹುಡುಕುತ್ತ ಈ ಮನೆಯವರೆಗೂ ಬಂದಿದ್ದರು. ಪುಟ್ಟಮಾದಮ್ಮನ ಬಳಿ ಇದ್ದದ್ದು ಒಂದೇ ಫೋಟೋ. ಅದರಲ್ಲಿ ಬಯಲಿನ ಉದ್ದಕ್ಕೂ ಲಾಟೀನುಗಳ ಸಾಲು, ಪಕ್ಕದಲ್ಲಿ ಆ ದೀಪ ಹಚ್ಚುವ ಕೆಲಸಕ್ಕಿದ್ದ ಅವರ ಅಪ್ಪ, ಹಿಂದೆ ಒಂದು ಗುಡ್ಡ.

"ಯಾಕಮ್ಮ, ಬೇಡ ಅಂತೀರಿ?"

"ಶತ್ರು ವಿಮಾನ ಬಂದಾಗ ಅಪ್ಪ ದೀಪ ಆರಿಸೋದ ಮರೆತನಂತೆ. ಅಲ್ಲಿಗೇ ಬಾಂಬು ಬಿತ್ತು. ಅಪ್ಪನೂ ಸತ್ತ, ಜೊತೆಗಿದ್ದ ನಮ್ಮೂರಿನ ಇಬ್ಬರೂ ಹೋದ್ರು. ಆ ಮನೆಯೋರು ಇವತ್ತಿಗೂ ನಮ್ಮನೇಲಿ ಒಂದು ತೊಟ್ಟು ನೀರು ಕುಡ್ಯಾಕಿಲ್ಲ. ನಮ್ಮವ್ವ ಸಾಯೋಗಂಟ ಅವರ ಮುಂದೆ ತಲೆ ಎತ್ಲಿಲ್ಲ."

ಮೇಷ್ಟರು ಭೂತಗನ್ನಡಿ ಹಿಡಿದು ಫೋಟೋ ನೋಡಿದರು, ನಕ್ಷೆ ಬಿಡಿಸಿ ನೋಡಿದರು, ಮತ್ತೆ ಫೋಟೋ ನೋಡಿದರು.

"ನಿಲ್ದಾಣದಿಂದ ನೋಡಿದರೆ ಗುಡ್ಡದ ಕೋಡು ಎಡಕ್ಕೆ ಕಾಣಬೇಕು. ಇಲ್ಲಿ ಬಲಕ್ಕಿದೆ. ನಿಮ್ಮ ತಂದೆ ನಿಂತಿರೋದು ಗುಡ್ಡದ ಆಚೆ, ನಿಲ್ದಾಣದಿಂದ ಮೂರು ಮೈಲಿ ದೂರದಲ್ಲಿ."

"ಅಲ್ಲಿ ವಿಮಾನ ಇಳೀತಿರ್ಲಿಲ್ವಾ?"

"ಒಂದೂ ಇಳಿದಿಲ್ಲ. ಅದು ಬರೀ ಬಯಲು."

"ಹಂಗಾರೆ ಜಾಗಾನೂ ತಪ್ಪಿದ್ನಾ ನಮ್ಮಪ್ಪ?" ಪುಟ್ಟಮಾದಮ್ಮನ ದನಿ ಕುಗ್ಗಿತು. ನಕ್ಷೆಯಲ್ಲಿ ಆ ಬಯಲಿನ ಮೇಲಿದ್ದ ಸಣ್ಣ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟರು. "ಇಲ್ಲೇನ್ ಬರ್ದವ್ರೆ? ಓದಿ ಹೇಳಿ, ಮುಚ್ಚಿಡಬ್ಯಾಡಿ."

ಮೇಷ್ಟರು ಕನ್ನಡಕ ತೆಗೆದರು.

"'ಹುಸಿ ನಿಲ್ದಾಣ' ಅಂತ. ನಿಜವಾದ ನಿಲ್ದಾಣ ಬಿಟ್ಟು ಬಾಂಬು ಇಲ್ಲಿಗೇ ಬೀಳಲಿ ಅಂತ ಹಚ್ಚಿಸಿದ ದೀಪಗಳಮ್ಮ ಅವು. ಏನೇ ಆದರೂ ಆರಿಸಕೂಡದು ಅನ್ನೋದೇ ನಿಮ್ಮ ತಂದೆಗಿದ್ದ ಅಪ್ಪಣೆ."