ಮೇಷ್ಟ್ರ ಎಡಗೈ

"ಒತ್ತು. ಇನ್ನೂ ಗಟ್ಟಿಯಾಗಿ ಒತ್ತು. ಅದೇನು ಪಕ್ಕದ ಮನೆ ಕರೆಗಂಟೆನಾ, ಮುಟ್ಟಿ ಓಡಿಹೋಗೋಕೆ?" ಎಂದು ರೇಗಿದರು ಗಿಟಾರ್ ಮೇಷ್ಟ್ರು.

ಮಗಳು ಒತ್ತಿದಳು. ಗಿಟಾರ್ ಇದ್ದದ್ದು ಮೇಷ್ಟ್ರ ತೊಡೆಯ ಮೇಲೆ, ಮೀಟುತ್ತಿದ್ದದ್ದು ಮೇಷ್ಟ್ರ ಬಲಗೈ. ಆದರೆ ಗಿಟಾರಿನ ಕತ್ತು ಹಿಡಿದು ತಂತಿ ಒತ್ತುತ್ತಿದ್ದದ್ದು ಅವರ ಎಡಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದ ಮಗಳ ಎಡಗೈ. ಮೇಷ್ಟ್ರ ಸ್ವಂತ ಎಡಗೈ ಲಕ್ವ ಹೊಡೆದ ದಿನದಿಂದ, ಯಾರೋ ಮರೆತು ಬಿಟ್ಟುಹೋದ ಕೈಚೀಲದ ಹಾಗೆ ದಿಂಬಿನ ಮೇಲೆ ಬಿದ್ದುಕೊಂಡಿತ್ತು.

ಮಾತಿಗೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ. ಮನೆಯವರ ಕರ್ಮ ಅಂದರೂ ನಡೆದೀತು, ಬೈಗುಳವೆಲ್ಲ ಹಾಗೇ ಉಳಿದಿತ್ತಲ್ಲ! ಶಿಷ್ಯರು ಒಬ್ಬೊಬ್ಬರಾಗಿ ಬಂದು "ನಾವು ಪಕ್ಕದಲ್ಲಿ ಕೂತು ಒತ್ತುತ್ತೀವಿ, ನೀವು ಮೀಟಿ ಮೇಷ್ಟ್ರೆ" ಅಂದರು. ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಿದ್ದಿ ತೀಡಿದ ಹುಡುಗರ ಮುಂದೆ ಅರ್ಧ ಮನುಷ್ಯನಾಗಿ ಕೂರುವುದೇ? ಕೊನೆಗೊಂದು ಬೆಳಿಗ್ಗೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೆಂಡತಿಗೆ ಹೇಳಿದ್ದರು: "ಆ ಎಡಚಿ ಬರ್ತಾಳೇನೋ ಕೇಳು."

ಎಡಚಿ ಮಗಳು ಬಂದಳು. ಬರುವುದು ಅವಳಿಗೇನು ಸುಲಭವಾಗಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಗಿಟಾರ್ ತಿರುಗಿಸಿ ಹಿಡಿದು ಎಡಗೈಯಲ್ಲಿ ಮೀಟಲು ಹೋದಾಗಲೆಲ್ಲ ಮೇಷ್ಟ್ರು ಕಿತ್ತುಕೊಂಡು ಮತ್ತೆ ತಮ್ಮ ಥರವೇ ಹಿಡಿಸುತ್ತಿದ್ದರು. "ಎಡಗೈಲಿ ಬಲ ಜಾಸ್ತಿ ತಾನೆ? ಹಾಗಾದ್ರೆ ಅದು ತಂತಿ ಒತ್ತಲಿ. ಮೀಟೋದು ಬಲಗೈ, ಎಲ್ರ ಹಾಗೆ." ಅವಳ ಬಲಗೈಗೆ ತಾಳವೇ ಹತ್ತಲಿಲ್ಲ. ಒಂದು ದಿನ ಅಳುತ್ತಾ ಗಿಟಾರನ್ನು ಮೂಲೆಗಿಟ್ಟು ಎದ್ದುಹೋದವಳು, ಸಂಪಾದನೆ ಶುರುವಾದ ಮೇಲೆ ತಂತಿ ಉಲ್ಟಾ ಕಟ್ಟಿಸಿದ ಗಿಟಾರ್ ಕೊಂಡು ಎಲ್ಲವನ್ನೂ ಮೊದಲಿನಿಂದ ಕಲಿತಳು. ಜನ ಟಿಕೆಟ್ ಕೊಂಡು ಬಂದು ಕೇಳುವಷ್ಟು ಬೆಳೆದಳು. ಮೇಷ್ಟ್ರೂ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದರು. "ಹೇಗಿತ್ತಪ್ಪ?" ಎಂದು ಆಸೆಯಿಂದ ಕೇಳಿದವಳಿಗೆ, "ಕನ್ನಡೀಲಿ ನೋಡ್ದಂಗೆ ಎಲ್ಲ ಉಲ್ಟಾ ಇತ್ತು" ಎಂದುಬಿಟ್ಟರು. ಆಮೇಲೆ ಅವಳು ಕರೆಯಲಿಲ್ಲ, ಅವರು ಹೋಗಲಿಲ್ಲ. ಆದರೂ 'ಅವತ್ತು ನಂದೇ ತಪ್ಪು ಮಗಳೇ' ಎಂಬ ಒಂದೇ ಒಂದು ಮಾತಿಗೆ ಅವಳು ಒಳಗೊಳಗೇ ಕಾಯುತ್ತಿದ್ದಳು.

ಈಗ ನೋಡಿದರೆ, ಬಿಟ್ಟು ಓಡಿದ ಪಾಠಕ್ಕೇ ಮರಳಿ ಬಂದಿದ್ದಳು. ಇಷ್ಟು ವರ್ಷ ಬರೀ ಮೀಟಿದ ಕೈಗೆ ಒತ್ತುವುದು ಎಲ್ಲಿ ಗೊತ್ತು? ಮೆತ್ತಗಿನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಆ ಬೆರಳುಗಳಲ್ಲಿ ತನ್ನ ಗಿಟಾರ್ ಮೀಟಲಾಗದೆ ಅವಳು ಮುಂದಿನ ಕಾರ್ಯಕ್ರಮಗಳನ್ನೆಲ್ಲ ಬಿಟ್ಟುಕೊಟ್ಟದ್ದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಇನ್ನೊಂದು ಸಲ ಲಕ್ವ ಹೊಡೆದರೆ ಮೇಷ್ಟ್ರು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದೂ ತಾಯಿ ಮಗಳಿಬ್ಬರಿಗೇ ಗೊತ್ತಿತ್ತು.

"ಹೂಂ, ಮೊದಲಿಂದ," ಎಂದರು ಮೇಷ್ಟ್ರು.

ಅದು ಮದುವೆಯಾದ ಹೊಸತರಲ್ಲಿ ಅವರು ಹೆಂಡತಿಗೆಂದು ಕಟ್ಟಿದ್ದ ಪುಟ್ಟ ಧಾಟಿ. ದಿನವೂ ನಡುವೆ ಎಲ್ಲಾದರೂ ಮುಗ್ಗರಿಸಿ ನಿಲ್ಲುತ್ತಿತ್ತು. ಅವತ್ತು ಅದೇನಾಯಿತೋ, ನಿಲ್ಲಲಿಲ್ಲ. ಅವರ ಬಲಗೈ ಮೀಟುವುದಕ್ಕೂ ಇವಳ ಎಡಗೈ ಜಾಗ ಬದಲಿಸುವುದಕ್ಕೂ ಕೂಡಿ ಬಂತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಧಾಟಿ ಕೊನೆ ಮುಟ್ಟಿದಾಗ ಮೇಷ್ಟ್ರ ಕಣ್ಣು ತುಂಬಿತ್ತು.

"ಎಡಚೀ..." ಎಂದರು.

ಬಂತು, ಆ ಮಾತು ಈಗ ಬಂತು ಅಂದುಕೊಂಡಳು ಮಗಳು.

"ನೋಡಿದ್ಯಾ? ನಾನು ಅವತ್ತೇ ಬಡ್ಕೊಂಡೆ. ನಿನ್ನ ಎಡಗೈ ಇರಬೇಕಾದ ಜಾಗ ಇದೇನೇ. ನಾನು ಹೇಳಿದ್ದು ಸರಿ ಇತ್ತು ತಾನೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಿಟಾರನ್ನು ಅಲ್ಲೇ ಬಿಟ್ಟು, ಚಿಕ್ಕಂದಿನ ಹಾಗೇ ಎದ್ದುಹೋಗಬೇಕು ಅನ್ನಿಸಿತು. ತಿರುಗಿ ಅಪ್ಪನ ಮುಖ ನೋಡಿದಳು. ಅಲ್ಲಿ ಜಂಬವಿರಲಿಲ್ಲ. ಪರೀಕ್ಷೆ ಬರೆದ ಹುಡುಗ ಮೇಷ್ಟ್ರ ಮುಖ ನೋಡುವಂತೆ ಅವರು ಇವಳ ಮುಖವನ್ನೇ ನೋಡುತ್ತಿದ್ದರು.

"ಸರಿಯಾಗೇ ಹೇಳಿದ್ರಿ ಅಪ್ಪ. ನಾನೇ ಕೇಳಲಿಲ್ಲ."

"ಹಟಮಾರಿ!" ಎಂದು ನಕ್ಕರು ಮೇಷ್ಟ್ರು. ನೆಮ್ಮದಿಯಾಗಿ ತಲೆಯನ್ನು ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದರು.

ಅಡುಗೆಮನೆಗೆ ಬಂದು ಅವಳು ನಲ್ಲಿಯ ಕೆಳಗೆ ಬೆರಳು ಹಿಡಿದಳು. ತಣ್ಣೀರು ಬಿದ್ದದ್ದೇ ಉರಿ ಇನ್ನೂ ಹೆಚ್ಚಾಯಿತು. ತಡೆದಿದ್ದ ಅಳು ಆಗ ಬಂತು.

"ಅಷ್ಟು ದೊಡ್ಡ ಸುಳ್ಳು ಯಾಕೇ ಹೇಳಿದೆ?" ಅಮ್ಮ ಪಿಸುಗುಟ್ಟಿದರು. "ಅವರ ಬಾಯಲ್ಲಿ ತಪ್ಪಾಯ್ತು ಅನ್ನೋದನ್ನ ಕೇಳ್ಬೇಕು ಅಂತ ಇಷ್ಟು ವರ್ಷ ಕಾದಿದ್ದೆಯಲ್ಲೇ ತಾಯಿ!"

ಮಗಳು ತೋಳಿನಿಂದ ಕಣ್ಣೊರೆಸಿಕೊಂಡಳು.

"ಅವರಿಗೆ ಉಳಿದಿರೋದು ಒಂದೇ ಕೈ ಅಮ್ಮಾ. ನಂಗೆ ಎರಡಿದೆ."